ಅಟ್ಟದ ಮೇಲಿನ ಕೋವಿಯನ್ನು ಓದುವ ಬಗೆ

ನಮ್ಮ ಕಡೆ ಯಾರ ಮನೆಯಲ್ಲಿ ಹಳೇ ಕೋವಿ ಇದ್ದರೂ ಅದು ಟಿಪ್ಪು ಕಾಲದ್ದು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಎಲ್ಲಿ ಕೇಳಿದರೂ ಇದೇ ಉತ್ತರ. ಘಟ್ಟ ಇಳಿದು ಕಾರವಾರದ ಕಡೆ ಬಂದರೆ ಟಿಪ್ಪುವಿನ ಜಾಗಕ್ಕೆ ಪೋರ್ಚುಗೀಸರು ಬರುತ್ತಾರೆ, ಅಷ್ಟೇ ವ್ಯತ್ಯಾಸ. ಇದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ. ಮಾರಿದರೆ ಎಷ್ಟು ಸಿಗಬಹುದು? ಈ ಎರಡು ಮಾತಿನ ನಡುವೆ ಕೇಳಬೇಕಾದ ಪ್ರಶ್ನೆಯೊಂದು ಯಾವಾಗಲೂ ಬಿಟ್ಟುಹೋಗುತ್ತದೆ. ಇದು ನಿಜವಾಗಿ ಯಾವ ಕೋವಿ? ಯಾರಿಗಾಗಿ ಮಾಡಿದ್ದು, ಯಾವಾಗ ಮಾಡಿದ್ದು, ನಮ್ಮ ಊರಿಗೆ ಬಂದ ಮೇಲೆ ಇದಕ್ಕೆ ಏನೇನಾಯಿತು?

ಇದು ನನ್ನನ್ನು ಕಾಡುವುದಕ್ಕೆ ಕಾರಣ ಇದೆ. ಬೆಳೆ ರಕ್ಷಣೆಗೆಂದು ಕೋವಿ ಲೈಸೆನ್ಸ್ ಇಟ್ಟುಕೊಂಡಿದ್ದ ತಲೆಮಾರು ಒಬ್ಬೊಬ್ಬರಾಗಿ ಹೋಗುತ್ತಿದೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಪ್ರತಿ ಚುನಾವಣೆಗೂ ಕೋವಿಯನ್ನು ಠಾಣೆಗೆ ಒಯ್ದು ಇಡುವುದು, ಮುಗಿದ ಮೇಲೆ ಬಿಡಿಸಿಕೊಂಡು ಬರುವುದು, ರಿನ್ಯೂವಲ್ ಅಂತ ಓಡಾಡುವುದು, ಇದೆಲ್ಲ ಅವರಿಗೆ ಬೇಡ. ಅವರದ್ದು ತಪ್ಪೂ ಅಲ್ಲ. ಹಾಗಾಗಿ ಯಜಮಾನರ ವರ್ಷಾಂತ ಮುಗಿಯುತ್ತಿದ್ದಂತೆ ಕೋವಿಯನ್ನು ಠಾಣೆಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತಾರೆ. ಲೈಸೆನ್ಸ್ ಪುಸ್ತಕದಲ್ಲಿ ಆ ಕೋವಿಯ ಬಗ್ಗೆ ಇರುವುದು ಎಸ್.ಬಿ.ಎಂ.ಎಲ್. ಎಂಬ ನಾಲ್ಕು ಅಕ್ಷರ. ಸಿಂಗಲ್ ಬ್ಯಾರಲ್ ಮಝಲ್ ಲೋಡರ್. ಅಂದರೆ ಒಂಟಿ ನಳಿಗೆ, ಬಾಯಿಯಿಂದ ಮದ್ದು ತುಂಬುವ ಕೋವಿ. ಮುಂದೊಂದು ನಂಬರು. ಮುಗಿಯಿತು. ನೂರೈವತ್ತು ವರ್ಷ ಬಾಳಿದ ವಸ್ತುವಿನ ಪೂರ್ತಿ ದಾಖಲೆ ಅಷ್ಟೇ.

ಕೋವಿ ಉಳಿಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಕೊಡುವ ಮೊದಲು ಓದಿ ಅಂತ ಹೇಳುತ್ತಿದ್ದೇನೆ. ಕೋವಿಯ ಮೈಮೇಲೆ ಅದರ ಚರಿತ್ರೆ ಬರೆದೇ ಇರುತ್ತದೆ. ಓದಲು ತೀರಾ ಕಷ್ಟವೂ ಅಲ್ಲ.

ಹವಿಲ್ದಾರರು ತೋರಿಸಿದ ಗುರುತು

ಕೋವಿಯ ಮೇಲೆ ಅಕ್ಷರ ಇರುತ್ತವೆ ಅಂತ ನನಗೆ ಮೊದಲು ಗೊತ್ತಾದದ್ದು ಕಾರವಾರದಲ್ಲಿ ಕಾಲೇಜು ಓದುವಾಗ, ಎನ್‌ಸಿಸಿ ಪರೇಡಿನಲ್ಲಿ. ನಮಗೆ ಕೊಡುತ್ತಿದ್ದದ್ದು ಥ್ರೀ ನಾಟ್ ಥ್ರೀ ರೈಫಲ್. ಅದರ ಮೇಲೆ ಡಿ.ಪಿ. ಎಂದು ಒತ್ತಿರುತ್ತಿತ್ತು. ಡ್ರಿಲ್‌ಗೆ ಮಾತ್ರ ಅಂತ ಅರ್ಥ. ಗುಂಡು ಹಾರಿಸುವ ಹಾಗಿರಲಿಲ್ಲ. ಆದರೆ ತೂಕ ಮಾತ್ರ ಪೂರ್ತಿ ಇತ್ತು. ಸಮುದ್ರದ ಕಡೆಯಿಂದ ಬರುವ ಬೆವರಿಳಿಸುವ ಗಾಳಿಯಲ್ಲಿ ನಾಲ್ಕು ಕಿಲೋ ಹೊತ್ತು ನಿಲ್ಲುವುದು ಸುಲಭ ಅಲ್ಲ. ಹವಿಲ್ದಾರರು ಉತ್ತರದ ಕಡೆಯವರು. ಪರೇಡ್ ಮುಗಿಸಿ ರೈಫಲ್ ವಾಪಸ್ ಕೊಡುವಾಗ ನಂಬರು ಹೇಳಿಯೇ ಕೊಡಬೇಕು ಅನ್ನುವುದು ಅವರ ಕಟ್ಟುನಿಟ್ಟು. ನಂಬರು ಎಲ್ಲಿದೆ ಅಂತ ಹುಡುಕುವಾಗಲೇ ನಾನು ಅದರ ಮೈಯನ್ನು ಸರಿಯಾಗಿ ನೋಡಿದ್ದು.

ಬಟ್ಟಿನ ಮರ, ಅಂದರೆ ಹೆಗಲಿಗೆ ಆನಿಸುವ ಮರ, ಕಬ್ಬಿಣಕ್ಕೆ ಸೇರುವ ಜಾಗದಲ್ಲಿ, ಬಲಗಡೆ, ಕೈ ಹಿಡಿದರೆ ಮುಚ್ಚಿಹೋಗುವಷ್ಟು ಜಾಗದಲ್ಲಿ ಒಂದು ಕಿರೀಟ. ಅದರ ಕೆಳಗೆ ಜಿ.ಆರ್.ಐ. ಅದರ ಕೆಳಗೆ 1943, ಮತ್ತೆ ಇಶಾಪುರ್ ಎಂಬ ಹೆಸರು. ಜಿ.ಆರ್.ಐ. ಅಂದರೆ ಜಾರ್ಜ್, ದೊರೆ ಮತ್ತು ಚಕ್ರವರ್ತಿ. ಹವಿಲ್ದಾರರು ಹಿಂದಿಯಲ್ಲಿ ಇಷ್ಟೇ ಹೇಳಿದರು: ಇದು ದೊಡ್ಡ ಲಡಾಯಿಯ ಟೈಮಿನದ್ದು, ನಿನ್ನ ಅಪ್ಪನಿಗಿಂತ ಹಿರಿಯ, ನೆಟ್ಟಗೆ ಹಿಡಿ. ಆಮೇಲೆ ಬೋಲ್ಟಿನ ಹಿಡಿಕೆಯ ಹಿಂದಿರುವ ನಂಬರನ್ನೂ ರೈಫಲಿನ ನಂಬರನ್ನೂ ಅಕ್ಕಪಕ್ಕ ತೋರಿಸಿದರು. ಎರಡೂ ಒಂದೇ ಇದ್ದರೆ ಅವು ಕಾರ್ಖಾನೆಯಿಂದ ಜೊತೆಯಾಗಿ ಹೊರಬಿದ್ದವು. ಬೇರೆ ಇದ್ದರೆ ನಡುವೆ ಎಲ್ಲೋ ಬೋಲ್ಟ್ ಬದಲಾಗಿದೆ. ಹಳೇ ಸೈನ್ಯದ ರೈಫಲ್‌ಗಳ ಬೆಲೆ ಕಟ್ಟುವವರು ಇವತ್ತಿಗೂ ಮೊದಲು ನೋಡುವುದು ಇದನ್ನೇ. ಆ ವಿಷಯ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆ ಶುರುವಾದದ್ದು 20ನೇ ಶತಮಾನದ ಆರಂಭದಲ್ಲಿ. ಅಲ್ಲಿಯ ರೈಫಲ್‌ಗಳನ್ನು ಗುರುತಿಸಲು ಒಳ್ಳೇ ಕುರುಹುಗಳಿವೆ. ಮುಂದಿನ ಮರ ಸೀಳದಿರಲಿ ಅಂತ ಅಡ್ಡಲಾಗಿ ಹಾಕಿದ ಸ್ಕ್ರೂ ಒಂದು. ಕೆಲವು ರೈಫಲ್‌ಗಳ ನಳಿಗೆಯ ಸುತ್ತ, ಮರದ ಮೇಲೆ, ತಂತಿ ಬಿಗಿದು ಸುತ್ತಿರುತ್ತಾರೆ. ನಾವು ಹುಡುಗರು ಅದನ್ನು ರಿಪೇರಿ ಅಂದುಕೊಂಡಿದ್ದೆವು. ಅದು ಗ್ರೆನೇಡ್ ಹಾರಿಸಲು ಬಳಸಿದ ರೈಫಲ್. ಹಾರಿಸುವ ಏಟಿಗೆ ಮರ ಒಡೆಯದಿರಲಿ ಅಂತ ಆ ಸುತ್ತು. ಸ್ವಾತಂತ್ರ್ಯದ ನಂತರ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದವು. 1962ರ ಯುದ್ಧದ ನಂತರ ಅದೇ ಮಾದರಿಯನ್ನು 7.62 ಮಿಲಿಮೀಟರ್ ಗುಂಡಿಗೆ ಹೊಂದಿಸಿ ಮಾಡಿದರು. ಒಂದೇ ರೂಪದ ರೈಫಲ್ ದೊರೆಯನ್ನೂ ಕಂಡಿತು, ಗಣರಾಜ್ಯವನ್ನೂ ಕಂಡಿತು. ಯಾವುದು ಯಾವ ಕಾಲದ್ದು ಅಂತ ಹೇಳಲು ಹೆಬ್ಬೆರಳಿನಷ್ಟು ಜಾಗದ ಮುದ್ರೆ ಸಾಕು.

ಟಿಪ್ಪುವಿನದ್ದು ಹೌದೋ ಅಲ್ಲವೋ

ಟಿಪ್ಪು ಹೆಸರು ಬರುವುದಕ್ಕೆ ಕಾರಣ ಇಲ್ಲದಿಲ್ಲ. 1763ರಲ್ಲಿ ಹೈದರ್ ಬಿದನೂರು ಹಿಡಿದ. ಅದರ ಹಿಂದೆಯೇ ಸೋದೆಯೂ ಹೋಯಿತು, ಸೋದೆಯ ಅರಸರು ಗೋವೆಗೆ ಹೋದರು. 1799ರವರೆಗೆ ನಮ್ಮ ಸೀಮೆ ಮೈಸೂರಿನ ಕೈಯಲ್ಲಿತ್ತು. ಆ ಸೈನ್ಯದ ಕೋವಿಗಳು ಇಲ್ಲಿ ಓಡಾಡಿವೆ. ಪಕ್ಕದ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ, ಅಂದರೆ ಅದೇ ಹಳೇ ಬಿದನೂರಿನಲ್ಲಿ, 2018ರಲ್ಲಿ ಹಳೇ ಬಾವಿಯೊಂದನ್ನು ತೋಡಿದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆ ಸಿಕ್ಕವು ಅಲ್ವಾ. ಹಾಗಾಗಿ ಟಿಪ್ಪು ಕಾಲದ ವಸ್ತು ನಮ್ಮ ಮಣ್ಣಿನಲ್ಲಿ ಇರುವುದು ಸಾಧ್ಯ. ಆದರೆ ಅಟ್ಟದ ಮೇಲಿನ ಕೋವಿಗೆ ಒಂದು ಸುಲಭದ ಪರೀಕ್ಷೆ ಇದೆ. ಕುದುರೆಯ ಕೆಳಗೆ ನೋಡಿ. ಕುದುರೆ ಅಂದರೆ ಟ್ರಿಗರ್ ಎಳೆದಾಗ ಮುಂದಕ್ಕೆ ಬಂದು ಬಡಿಯುವ ಭಾಗ. ಅದು ತಾಮ್ರದ ಕೇಪಿನ ಮೇಲೆ, ಅಂದರೆ ಬಡಿದರೆ ಕಿಡಿಯಾಗುವ ಮದ್ದು ತುಂಬಿದ ಪುಟ್ಟ ಟೊಪ್ಪಿಯ ಮೇಲೆ, ಬಡಿಯುವಂತಿದ್ದರೆ ಅದು ಕೇಪಿನ ಕೋವಿ. ಟಿಪ್ಪು ಸತ್ತದ್ದು 1799ರ ಮೇ 4ಕ್ಕೆ. ಹೊಡೆದರೆ ಕಿಡಿಯಾಗುವ ಮದ್ದನ್ನು ಕೋವಿಗೆ ಬಳಸುವ ಪೇಟೆಂಟ್ ಸ್ಕಾಟ್ಲೆಂಡಿನ ಫೋರ್ಸೈತ್ ಎಂಬ ಪಾದ್ರಿಗೆ ಸಿಕ್ಕಿದ್ದೇ 1807ರಲ್ಲಿ. ತಾಮ್ರದ ಕೇಪು ಇನ್ನೂ ಆಮೇಲಿನದ್ದು. ಬ್ರಿಟಿಷ್ ಸೈನ್ಯ ಕೇಪಿಗೆ ಬಂದದ್ದು 1840ರ ಆಸುಪಾಸಿನಲ್ಲಿ. ಟಿಪ್ಪುವಿನ ಸಿಪಾಯಿ ಕೇಪನ್ನು ಕಣ್ಣಿನಲ್ಲೂ ಕಂಡವನಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಚಕಮಕಿ ಕಲ್ಲಿನ ಹಳೇ ಕೋವಿಯನ್ನು ಆಮೇಲೆ ಕೇಪಿಗೆ ಬದಲಾಯಿಸಿದ್ದೂ ಇರುತ್ತದೆ. ಅದಕ್ಕೆ ಕುದುರೆ ಕೂತಿರುವ ಕಬ್ಬಿಣದ ತಗಡನ್ನು ನೋಡಬೇಕು. ಮದ್ದಿನ ಬಟ್ಟಲು ಮತ್ತು ಅದರ ಸ್ಪ್ರಿಂಗ್ ಇದ್ದ ಜಾಗದಲ್ಲಿ ತುಂಬಿ ಮುಚ್ಚಿದ ತೂತುಗಳು ಕಂಡರೆ ಅದು ಬದಲಾದ ಕೋವಿ. ತಗಡು ನುಣ್ಣಗಿದ್ದು ಅಂಥ ಗುರುತೇ ಇಲ್ಲದಿದ್ದರೆ ಅದು ಹುಟ್ಟಿದ್ದೇ ಕೇಪಿಗೆ.

ನಿಜವಾದ ಶ್ರೀರಂಗಪಟ್ಟಣದ ಕೋವಿ ಸಿಕ್ಕರೆ ಅದು ತಾನೇ ಹೇಳುತ್ತದೆ. ಹುಲಿಯ ಮೈಪಟ್ಟೆ, ಹೈದರನ ಹೆಸರಿನ ಮುದ್ರೆ, ಮತ್ತು ಇಸವಿ. ಆ ಇಸವಿಯನ್ನು ಓದುವುದೇ ಒಂದು ವಿದ್ಯೆ. ಟಿಪ್ಪು ಪ್ರವಾದಿಯವರ ಹುಟ್ಟಿನಿಂದ ಲೆಕ್ಕ ಹಿಡಿಯುವ ಮೌಲೂದಿ ಶಕೆ ತಂದಿದ್ದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಕೋವಿಯ ಮೇಲೆ 5221 ಎಂದು ಕಂಡರೆ ಅದು 1225, ಅಂದರೆ ನಮ್ಮ ಲೆಕ್ಕದ 1797-98. ಇದು ಗೊತ್ತಿಲ್ಲದವರ ಕಣ್ಣಿಗೆ ಅದು ಅರ್ಥವಿಲ್ಲದ ಸಂಖ್ಯೆ.

ಈಸ್ಟ್ ಇಂಡಿಯಾ ಕಂಪನಿಯ ಕೋವಿಗಳು ಇನ್ನೂ ಸುಲಭ. ಸುಮಾರು 1808ರವರೆಗೆ ತಗಡಿನ ಮೇಲೆ ಹೃದಯದ ಆಕಾರ, ಅದನ್ನು ನಾಲ್ಕು ಭಾಗ ಮಾಡಿ ಒಳಗೆ ಕಂಪನಿಯ ಅಕ್ಷರಗಳು. ವ್ಯಾಪಾರದ ಮೂಟೆಗಳ ಮೇಲೆ ಒತ್ತುತ್ತಿದ್ದ ಗುರುತೇ ಅದು. ಕಾರವಾರದ ಕಡವಾಡದಿಂದ ಕಾಳುಮೆಣಸು ತುಂಬಿಸಿದವರ ಗುರುತು ಕೋವಿಗೂ ಬಂತು. ಆಮೇಲೆ ಅದರ ಜಾಗದಲ್ಲಿ ಕಿರೀಟ ಹಿಡಿದು ನಿಂತ ಸಿಂಹ. 1858ರಲ್ಲಿ ಆಡಳಿತ ರಾಣಿಯ ಕೈಗೆ ಹೋದ ಮೇಲೆ ಸಿಂಹವೂ ಹೋಯಿತು. ರಾಣಿಯ ಸರ್ಕಾರದ್ದಾದರೆ ಕಿರೀಟದ ಕೆಳಗೆ ವಿ.ಆರ್. ಇರುತ್ತದೆ. ಅದು 1837ರಿಂದ 1901ರ ಒಳಗಿನದ್ದು. ಬಾಣದ ಗುರುತಿನ ಕೆಳಗೆ ಐ ಅಕ್ಷರ ಇದ್ದರೆ ಭಾರತದ ಸೇವೆಗೆ ಬಂದದ್ದು. ಎರಡು ಬಾಣ ಮೂತಿಗೆ ಮೂತಿ ತಾಗಿಸಿಕೊಂಡಿದ್ದರೆ ಸರ್ಕಾರ ಅದನ್ನು ಸೇವೆಯಿಂದ ತೆಗೆದು ಮಾರಿದೆ ಅಂತ.

ಕಾರವಾರದ ಕಡೆಯವರಿಗೆ ಒಂದು ಮಾತು. ಪೋರ್ಚುಗೀಸ್ ಸೈನ್ಯದ ರೈಫಲ್ ಆದರೆ ಮೇಲ್ಗಡೆ ದೊರೆಯ ಮೊದಲಕ್ಷರ ಇರುತ್ತದೆ. 1886ರ ಕ್ರೊಪಾಚೆಕ್ ರೈಫಲ್ ಆಸ್ಟ್ರಿಯಾದ ಸ್ಟೈರ್ ಊರಿನಲ್ಲಿ ಮಾಡಿದ್ದು, ಅದರ ಮೇಲೆ ಲೂಯಿಸ್ ದೊರೆಯ ಎಲ್. 1904ರ ಮಾದರಿಯ ಮೌಸರ್-ವೆರ್ಗೇರೊ ಬರ್ಲಿನ್ನಿನಲ್ಲಿ ಮಾಡಿದ್ದು, ಅದರ ಮೇಲೆ ಕಾರ್ಲೋಸ್ ದೊರೆಯ ಸಿ. ಹಾಗಂತ ಇಂಗ್ಲಿಷ್ ಮುದ್ರೆ ಇದ್ದ ಮಾತ್ರಕ್ಕೆ ಅದು ಇಂಗ್ಲಿಷರಿಂದಲೇ ಬಂತು ಅನ್ನಲಾಗದು. ಪೋರ್ಚುಗಲ್ ಸ್ನೈಡರ್ ರೈಫಲ್ ಬಳಸಿತ್ತು. ಮೊದಲ ಮಹಾಯುದ್ಧದಲ್ಲಿ ಅವರ ಸೈನಿಕರು ಇಂಗ್ಲಿಷರ ಥ್ರೀ ನಾಟ್ ಥ್ರೀಯನ್ನೇ ಹಿಡಿದಿದ್ದರು.

ಗೀರಿಲ್ಲದ ನಳಿಗೆ

ಹುಲೇಕಲ್ ಕಡೆ ನನ್ನ ದೊಡ್ಡಮ್ಮನ ಮನೆ. ದೊಡ್ಡಪ್ಪ ಹೋದ ಮೇಲೆ ಅವರ ಕೋವಿಯನ್ನು ಏನು ಮಾಡುವುದು ಅನ್ನುವ ಮಾತು ಬಂತು. ಅಣ್ಣ ಬೆಂಗಳೂರಿನಿಂದ ಬಂದಿದ್ದ, ಕಾಗದಪತ್ರಕ್ಕೆ ಕಾರವಾರಕ್ಕೆ ಹೋಗುವವನಿದ್ದ. ದೇವಿಮನೆ ಘಟ್ಟ ಇಳಿದು ಡಿಸಿ ಆಫೀಸಿಗೆ ಹೋಗುವ ಮೊದಲು ಒಮ್ಮೆ ನೋಡು ಅಂತ ನನ್ನನ್ನು ಕರೆದ. ದೊಡ್ಡಮ್ಮ ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದನ್ನು ತಂದು ಜಗಲಿಯ ಮೇಲಿಟ್ಟರು.

"ತಮಾ, ಇದು ಟಿಪ್ಪು ಕಾಲದ್ದಡ. ಎಷ್ಟು ಬತ್ತು ನೋಡು" ಅಂದ ಅಣ್ಣ.

"ಅವು ಇಪ್ಪಲ್ಲಿವರೆಗೆ ಮಂಗ ತೋಟಕ್ಕೆ ಬತ್ತಿತ್ತಿಲ್ಲೆ" ಅಂದರು ದೊಡ್ಡಮ್ಮ. ಅವರಿಗೆ ಬೆಲೆಯ ಮಾತು ಬೇಕಿರಲಿಲ್ಲ.

ಮೊದಲು ಮಾಡಬೇಕಾದದ್ದು ಒಂದೇ. ಒಳಗೆ ಈಡು, ಅಂದರೆ ತುಂಬಿದ ಮದ್ದುಗುಂಡು, ಇದೆಯೇ ನೋಡುವುದು. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಬಾಯಿಯಿಂದ ತುಂಬುವ ಕೋವಿಯನ್ನು ತುಂಬಿದ ಮೇಲೆ ಹಾರಿಸದೆ ಖಾಲಿ ಮಾಡುವುದು ರಗಳೆಯ ಕೆಲಸ. ಹಾಗಾಗಿ ಎಷ್ಟೋ ಕೋವಿ ತುಂಬಿದ ಹಾಗೆಯೇ ಅಟ್ಟ ಸೇರಿರುತ್ತವೆ. ಒಣಗಿದ ಕರೀ ಮದ್ದು ಎಷ್ಟು ವರ್ಷವಾದರೂ ಸತ್ತಿರುವುದಿಲ್ಲ. ಬಾಯನ್ನು ಯಾರ ಕಡೆಗೂ ತಿರುಗಿಸದೆ, ಈಡು ಜಡಿಯುವ ಉದ್ದ ಸಲಾಕೆಯನ್ನು, ಅಂದರೆ ಗಜವನ್ನು, ನಳಿಗೆಯೊಳಗೆ ನಿಧಾನ ಇಳಿಸಬೇಕು. ತಳ ಮುಟ್ಟಿದಾಗ ಬಾಯಿಯ ಮಟ್ಟದಲ್ಲಿ ಹೆಬ್ಬೆರಳು ಒತ್ತಿ ಹಿಡಿದು ಹೊರಗೆ ತೆಗೆಯಬೇಕು. ಆಮೇಲೆ ಅದನ್ನೇ ನಳಿಗೆಯ ಹೊರಮೈಗೆ ಇಟ್ಟು ಅಳೆಯಬೇಕು. ಗಜದ ತುದಿ ಕೇಪು ಕೂರುವ ಜಾಗದವರೆಗೂ ಬಂದರೆ ಖಾಲಿ. ನಾಲ್ಕು ಬೆರಳು ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ಆಗ ನೀವಾಗಿ ಕೆದಕಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರನ್ನು ಕರೆಯಿರಿ. ದೊಡ್ಡಪ್ಪನ ಕೋವಿ ಖಾಲಿಯಿತ್ತು. ಅವರು ಅಚ್ಚುಕಟ್ಟಿನ ಮನುಷ್ಯ.

ಮೆತ್ತನೆ ಅರಿವೆಗೆ ಎರಡು ಹನಿ ಮೆಷಿನ್ ಎಣ್ಣೆ ಹಾಕಿ ತಗಡನ್ನು ಒರೆಸಿದೆ. ಉಜ್ಜಲಿಲ್ಲ, ಸುಮ್ನೆ ಒರೆಸಿದೆ. ದೊಡ್ಡಪ್ಪನ ಕಾಲದ ಎಣ್ಣೆ, ಹೊಗೆ, ಆಯುಧ ಪೂಜೆಯ ಕುಂಕುಮ ಎಲ್ಲ ಸೇರಿ ಕಟ್ಟಿದ್ದ ಪದರ ಸ್ವಲ್ಪ ಬಿಟ್ಟಿತು. ಕುದುರೆಯ ಹಿಂದೆ ಕಿರೀಟ, ಅದರ ಕೆಳಗೆ ವಿ.ಆರ್. ಕುದುರೆಯ ಮುಂದೆ 1861, ಅದರ ಕೆಳಗೆ ಟವರ್. ಲಂಡನ್ನಿನ ಟವರ್ ಕೋಟೆಯ ಹೆಸರು ಅದು. ಅಣ್ಣ ಕನ್ನಡಕ ಏರಿಸಿಕೊಂಡು ಓದಿದ. ಟಿಪ್ಪು ಸತ್ತು ಅರವತ್ತು ವರ್ಷ ದಾಟಿದ ಮೇಲಿನದ್ದು. ತಗಡಿನಲ್ಲಿ ಮುಚ್ಚಿದ ತೂತಿಲ್ಲ. ಹುಟ್ಟಾ ಕೇಪಿನ ಕೋವಿ.

ಹೊರಗಿನ ರೂಪ ನೋಡಿದರೆ ಅದು 1853ರ ಎನ್‌ಫೀಲ್ಡ್. 1857ರ ಕಥೆಯಲ್ಲಿ ಬರುವ, ಕೊಬ್ಬು ಸವರಿದ ಕಾಡತೂಸಿನ ಅದೇ ರೈಫಲ್. ಆದರೆ ಮೊಬೈಲಿನ ಬೆಳಕು ಬಿಟ್ಟು ನಳಿಗೆಯ ಬಾಯೊಳಗೆ ನೋಡಿದರೆ ಗೀರು ಇಲ್ಲ. ಎನ್‌ಫೀಲ್ಡ್ ರೈಫಲಿನ ನಳಿಗೆಯೊಳಗೆ ಮೂರು ತಿರುಚಿದ ಗೀರು ಇರಬೇಕು. ಗುಂಡನ್ನು ತಿರುಗಿಸಿ ನೇರ ಕಳಿಸುವುದು ಅವೇ. ಇದು ಒಳಗೆ ನುಣುಪು. ತುಕ್ಕಿಗೆ ಸವೆದದ್ದಿರಬಹುದೇ? ವರ್ನಿಯರ್ ಹಿಡಿದು ಬಾಯಿಯ ಅಗಲ ಅಳೆದೆ. 16.66 ಮಿಲಿಮೀಟರ್. ಎನ್‌ಫೀಲ್ಡ್ ರೈಫಲಿನದ್ದು 0.577 ಇಂಚು, ಅಂದರೆ 14.7 ಮಿಲಿಮೀಟರ್. ಎರಡು ಮಿಲಿಮೀಟರ್ ಸವೆಯುವುದಿಲ್ಲ. ಇದು ಬೇರೆಯೇ ಕೋವಿ.

ನಮ್ಮ ಕಡೆ ಹನ್ನೆರಡು ಬೋರು ಅನ್ನುವುದು ಮಕ್ಕಳಿಗೂ ಗೊತ್ತು. ಅದರ ಲೆಕ್ಕ ಏನೆಂದರೆ, ಒಂದು ಪೌಂಡ್ ಸೀಸದಲ್ಲಿ ನಳಿಗೆಗೆ ಸರಿಯಾಗಿ ಕೂರುವ ಹನ್ನೆರಡು ಉಂಡೆ ಆಗಬೇಕು. ಬೋರಿನ ಅಂಕಿ ಹೆಚ್ಚಾದಷ್ಟು ನಳಿಗೆ ಸಣ್ಣದು. ಕಂಪನಿ ಕಾಲದ ಚಕಮಕಿ ಕೋವಿ 0.75 ಇಂಚಿನದ್ದು, ಸುಮಾರು 11 ಬೋರ್. ಎನ್‌ಫೀಲ್ಡ್ ರೈಫಲ್ 24, 25 ಬೋರ್. ದೊಡ್ಡಪ್ಪನದ್ದು 16 ಬೋರಿನ ಹತ್ತಿರ ಬಂತು. ಇಂಚಿನಲ್ಲಿ 0.656. ಈ ಅಳತೆ ಸಿಕ್ಕ ಕೂಡಲೇ ಕೋವಿ ಬಾಯಿ ಬಿಟ್ಟ ಹಾಗಾಯಿತು.

1857 ಮುಗಿದ ಮೇಲೆ ಬ್ರಿಟಿಷರು ಒಂದು ತೀರ್ಮಾನ ಮಾಡಿದರು. ದೂರಕ್ಕೆ ಗುರಿ ಇಡುವ ರೈಫಲ್ ಇನ್ನು ಭಾರತೀಯ ಸಿಪಾಯಿಗಳ ಕೈಗೆ ಬೇಡ. ಗೋರಾ ಸೈನಿಕರಿಗೆ ಗೀರಿನ ನಳಿಗೆ, ನಮ್ಮವರಿಗೆ ನುಣುಪು ನಳಿಗೆ. ಅದಕ್ಕೆ 1858ರ ಮಾದರಿ ಅಂತ ಮಾಡಿದರು. ಎನ್‌ಫೀಲ್ಡಿನ ನಳಿಗೆಯನ್ನೇ ಒಳಗಿನಿಂದ ಕೊರೆದು ಗೀರು ತೆಗೆದು ಅಗಲ ಮಾಡಿದರು. ದೂರಕ್ಕೆ ತಕ್ಕಂತೆ ಎತ್ತರಿಸುವ ಹಿಂದಿನ ಗುರಿಯನ್ನು, ಅಂದರೆ ಕಣ್ಣಿಟ್ಟು ಗುರಿ ನೋಡುವ ಭಾಗವನ್ನು, ಕಿತ್ತು, ಅಲುಗಾಡದ ಒಂದು ಕಬ್ಬಿಣದ ತುಂಡು ಕೂರಿಸಿದರು. ಕೊರೆದು ಕೊರೆದು ನಳಿಗೆ ತೆಳ್ಳಗಾಯಿತು. ಹಾಗಾಗಿ ಮರುವರ್ಷ ಮೊದಲೇ ದಪ್ಪ ನಳಿಗೆ ಇಟ್ಟು 1859ರ ಮಾದರಿ ಮಾಡಿದರು. ಹೊರಗಿನಿಂದ ಗೋರಾ ಸೈನಿಕನ ಕೋವಿಗೂ ಸಿಪಾಯಿಯ ಕೋವಿಗೂ ವ್ಯತ್ಯಾಸ ಕಾಣುವುದು ಕಷ್ಟ. ಕವಾಯತಿನಲ್ಲಿ ಇಬ್ಬರೂ ಒಂದೇ ಥರ ಕಾಣಬೇಕು. ಅಪನಂಬಿಕೆ ಇದ್ದದ್ದು ಒಳಗೆ.

ಜಗಲಿಯ ಮೇಲೆ ಕೂತು ಇದನ್ನು ಹೇಳುವಾಗ ನನಗೆ ಗಂಟಲು ಕಟ್ಟಿತು. ದೊರೆತನವೊಂದು ತನ್ನದೇ ಸಿಪಾಯಿಗೆ ಹೆದರಿದ್ದಕ್ಕೆ ಸಾಕ್ಷಿ ಹುಲೇಕಲ್ಲಿನ ಅಟ್ಟದ ಮೇಲಿತ್ತು. ಅದು ಕಣ್ಣಿಗೆ ಕಾಣುವ ಸಾಕ್ಷಿ, ಬೆರಳು ತೂರಿಸಿ ಮುಟ್ಟಿ ನೋಡಬಹುದಾದದ್ದು. ಪುಸ್ತಕದಲ್ಲಿ ಓದಿದ್ದಕ್ಕಿಂತ ಅದು ನನಗೆ ಹತ್ತಿರವಾಯಿತು. ಹಲಗಲಿಯ ಬೇಡರ ಲಾವಣಿ ನಾವೆಲ್ಲ ಕೇಳಿದವರು. ಆಯುಧ ಒಪ್ಪಿಸಿ ಎಂಬ 1857ರ ಹುಕುಮಿಗೆ ಅವರು ಒಪ್ಪದೆ ಸತ್ತರು. ಅದಾದ ಮೇಲೆ 1878ರ ಆಯುಧ ಕಾಯ್ದೆ ಬಂತು. ಜನರ ಕೈಯಿಂದ ಕೋವಿ ತೆಗೆಯುವುದು, ಸಿಪಾಯಿಯ ಕೈಯ ಕೋವಿಯ ಹಲ್ಲು ಕೀಳುವುದು, ಇವೆರಡೂ ಒಂದೇ ಹೆದರಿಕೆಯಿಂದ ಬಂದವು. 1857ಕ್ಕಿಂತ ಹಿಂದಿನ ಕೋವಿ ನಮ್ಮ ಮನೆಗಳಲ್ಲಿ ಅಪರೂಪ ಆಗಿರುವುದಕ್ಕೂ ಈ ಹುಕುಮುಗಳು ಒಂದು ಕಾರಣ.

1870ರ ದಶಕದಲ್ಲಿ ಭಾರತೀಯ ಪಡೆಗಳಿಗೆ ಹಿಂದಿನಿಂದ ತೋಟಾ ತುಂಬುವ ಸ್ನೈಡರ್ ಬಂತು. ಆಗ ಈ ಕೋವಿಗಳು ಸೈನ್ಯಕ್ಕೆ ಬೇಡವಾದವು. ಅಷ್ಟರಲ್ಲಿ, 1862ರಲ್ಲಿ, ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು.

ಆಮೇಲಿನ ಕಥೆ ಕೋವಿಯ ಮೇಲೆ ಇಂಗ್ಲಿಷಿನಲ್ಲಿ ಬರೆದಿಲ್ಲ. 39 ಇಂಚು ಇರಬೇಕಾದ ನಳಿಗೆಯನ್ನು ಗರಗಸ ಹಾಕಿ ಮೂವತ್ತರ ಹತ್ತಿರಕ್ಕೆ ಇಳಿಸಿದ್ದಾರೆ. ತುದಿಯ ಗುರಿ ಹೋಗಿ ಹಿತ್ತಾಳೆಯ ಮಣಿ ಬಂದಿದೆ. ಆ ತುದಿಯ ಗುರಿಗೇ ಬಯೋನೆಟ್ ಸಿಕ್ಕಿಸುತ್ತಿದ್ದದ್ದು. ಅದನ್ನು ಕತ್ತರಿಸಿದ ದಿನ ಅದು ಸೈನ್ಯದ ಕೋವಿಯಾಗಿ ಉಳಿಯಲಿಲ್ಲ, ಅಡಕೆ ತೋಟದ ಕೋವಿಯಾಯಿತು. ಮಾಳದಲ್ಲಿ ಕೂತು ಹಂದಿ ಕಾಯುವವನಿಗೆ ಉದ್ದ ನಳಿಗೆ ಬರೀ ಭಾರ. ಈಡು ಹಾಕಿ ಹೊಡೆಯಲು ನುಣುಪು ನಳಿಗೆಯೇ ಒಳ್ಳೇದು. ಸಿಪಾಯಿಗೆ ಮಾಡಿದ ಮೋಸ ರೈತನಿಗೆ ಅನುಕೂಲ ಆಯಿತು. ಮೂರು ಪಟ್ಟಿಯ ಜಾಗದಲ್ಲಿ ಎರಡೇ ಉಳಿದಿವೆ. ಹಿಡಿಯುವ ಜಾಗದಲ್ಲಿ ಮರ ಎಂದೋ ಸೀಳಿದೆ. ಅದಕ್ಕೆ ಯಾರೋ ಆಚಾರಿ ಹಿತ್ತಾಳೆ ತಗಡು ಸುತ್ತಿ ಸಣ್ಣ ಮೊಳೆ ಹೊಡೆದಿದ್ದಾನೆ. ಮೊಳೆಗಳ ನಡುವೆ ಅಂತರ ಒಂದೇ ಸಮ. ತಗಡಿನ ಅಂಚನ್ನು ಕೈಗೆ ಚುಚ್ಚದ ಹಾಗೆ ಒಳಗೆ ಮಡಚಿದ್ದಾನೆ. ದೊಡ್ಡಪ್ಪನ ಬಲಗೈ ತಾಗಿ ತಾಗಿ ಆ ಹಿತ್ತಾಳೆ ಒಂದು ಕಡೆ ತೆಳ್ಳಗಾಗಿತ್ತು.

ಬೆಲೆಯ ಮಾತು

ಅಣ್ಣನಿಗೆ ಉತ್ತರ ಕೊಡಲೇಬೇಕಿತ್ತು. ಬೆಲೆ ಕಟ್ಟುವವರ ಲೆಕ್ಕ ಸರಳ. ಎಷ್ಟು ಅಪರೂಪ, ಎಷ್ಟು ಪೂರ್ತಿ ಇದೆ, ಎಷ್ಟು ಬದಲಾಗದೆ ಉಳಿದಿದೆ, ಮುದ್ರೆಗಳು ಓದಲು ಬರುತ್ತವೆಯೇ, ಯಾರ ಕೈಯಲ್ಲಿತ್ತು ಎನ್ನುವುದಕ್ಕೆ ಕಾಗದ ಇದೆಯೇ. ಕೊನೆಯದ್ದು ಇದ್ದರೆ ಬೆಲೆ ಎಲ್ಲಿಗೋ ಹೋಗುತ್ತದೆ. 2015ರಲ್ಲಿ ಲಂಡನ್ನಿನ ಒಂದು ಹರಾಜಿನಲ್ಲಿ ಟಿಪ್ಪುವಿನ ಆಯುಧಗಳ ಸಂಗ್ರಹ ಒಟ್ಟು 60 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ಅದರಲ್ಲಿ ಅವನ ಸ್ವಂತದ ಒಂದು ಬೇಟೆ ಕೋವಿಯೇ 7 ಲಕ್ಷ ಪೌಂಡ್ ದಾಟಿತು. ಅಂಥ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ನಮ್ಮೂರಿನ ಕೋವಿಗಳೆಲ್ಲ ಇನ್ನಷ್ಟು ಟಿಪ್ಪು ಕಾಲದ್ದಾಗುತ್ತವೆ.

ಸಾಮಾನ್ಯ ಸಿಪಾಯಿಯ ಕೋವಿಯ ಲೆಕ್ಕ ಬೇರೆ. ಅವನ್ನು ಸಾವಿರಗಟ್ಟಲೆ ಮಾಡಿದ್ದರು. 2003ರಲ್ಲಿ ನೇಪಾಳದ ಹಳೇ ಶಸ್ತ್ರಾಗಾರದ ರಾಶಿ ರಾಶಿ ಕೋವಿ ಅಮೆರಿಕಕ್ಕೆ ಮಾರಾಟವಾದವು. ಕಂಪನಿ ಕಾಲದ ಕೋವಿ, ಎನ್‌ಫೀಲ್ಡ್, ಮಾರ್ಟಿನಿ ಎಲ್ಲವೂ ಅದರಲ್ಲಿದ್ದವು. ಹಲವುಗಳ ಮೇಲೆ ದೇವನಾಗರಿ ಅಕ್ಷರ, ವಿಕ್ರಮ ಶಕೆಯ ವರ್ಷ. ಅದರಲ್ಲಿ 57 ಕಳೆದರೆ ನಮ್ಮ ಇಸವಿ. ಅಷ್ಟು ಮಾಲು ಪೇಟೆಗೆ ಬಂದ ಮೇಲೆ ಬರೀ ಹಳೇದು ಅನ್ನುವುದಕ್ಕೆ ದುಡ್ಡು ಕೊಡುವವರು ಯಾರು? ಇದರ ಜೊತೆ ನಕಲಿಯೂ ಇದೆ. ಖೈಬರ್ ಕಣಿವೆಯ ಕಡೆ ಕೈಯಲ್ಲೇ ಬಡಿದು ಮಾಡಿದ ಕೋವಿಗಳ ಮೇಲೂ ಕಿರೀಟ, ವಿ.ಆರ್., ಎನ್‌ಫೀಲ್ಡ್ ಎಲ್ಲ ಇರುತ್ತದೆ. ಆದರೆ ಅಕ್ಷರ ತಿರುಗುಮುರುಗು, ಕಾಗುಣಿತ ತಪ್ಪು. ರಾಣಿ ಸತ್ತ ಮೇಲಿನ ಇಸವಿಯ ಜೊತೆ ವಿ.ಆರ್. ಕಂಡರೆ ಅನುಮಾನ ಪಡಲೇಬೇಕು.

ಇನ್ನು ನಮ್ಮ ಕಾನೂನು. ಹಾರಿಸಲು ಬರುವ ಕೋವಿಯನ್ನು ಕೊಳ್ಳುವವರಿಗೂ ಲೈಸೆನ್ಸ್ ಬೇಕು. 1959ರ ಆಯುಧ ಕಾಯ್ದೆಯ 45ನೇ ಕಲಮು ಹಳೇ ಮಾದರಿಯ, ಪ್ರಾಚೀನ ಮೌಲ್ಯದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ, ನಿಜ. ಆದರೆ ರಿಪೇರಿ ಮಾಡಿದರೂ ಮಾಡದಿದ್ದರೂ ಅದು ಹಾರುವಂತಿರಬಾರದು. ದೊಡ್ಡಪ್ಪನ ಕೋವಿ ಮೊನ್ನೆವರೆಗೂ ಹಾರುತ್ತಿತ್ತು. ಹಾಗಾಗಿ ಹಳೇದಲ್ವಾ, ಇರಲಿ ಬಿಡು ಅಂತ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಂದಮೇಲೆ ಲಂಡನ್ನಿನ ಹರಾಜಿನ ಬೆಲೆಗೂ ಹುಲೇಕಲ್ಲಿನ ಕೋವಿಗೂ ಸಂಬಂಧ ಇಲ್ಲ.

ಇದಕ್ಕೆಲ್ಲ ಮೇಲೆ, ನಳಿಗೆ ಕತ್ತರಿಸಿದ್ದು, ಗುರಿ ಬದಲಾಯಿಸಿದ್ದು, ತಗಡು ಸುತ್ತಿದ್ದು. ಸಂಗ್ರಹಕಾರರ ಪಟ್ಟಿಯಲ್ಲಿ ಇವೆಲ್ಲ ದೋಷ. ಒಂದೊಂದಕ್ಕೂ ಬೆಲೆ ಇಳಿಯುತ್ತದೆ. ಇಲ್ಲೇ ನನ್ನ ತಕರಾರು ಇರುವುದು. ನಮ್ಮ ಹಳೇ ಮನೆಗಳಲ್ಲಿ ಹುಲ್ಲು ಹೋಗಿ ಮಂಗಳೂರು ಹಂಚು ಬಂತು, ಸಗಣಿ ನೆಲ ಹೋಗಿ ಕಾವಿ ನೆಲ ಬಂತು. ಹಾಗೆ ಬದಲಾದದ್ದಕ್ಕೇ ಅದು ಜನ ಬಾಳಿದ ಮನೆ. ಕೋವಿಯೂ ಹಾಗೇ. 1861ರಲ್ಲಿ ಟವರ್ ಮುದ್ರೆ ಒತ್ತಿಸಿಕೊಂಡು ಬಂದ ಭಾಗ ಅವರದ್ದು. ಅದರ ಬಗ್ಗೆ ಅವರೇ ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ, ಮಾದರಿ, ಅಳತೆ ಎಲ್ಲ ಸಿಗುತ್ತದೆ. ಗರಗಸ ಹಾಕಿದ್ದು, ಹಿತ್ತಾಳೆ ಮಣಿ ಕೂರಿಸಿದ್ದು, ಅಂಚು ಮಡಚಿದ್ದು ನಮ್ಮದು. ಅದನ್ನು ಯಾರೂ ಬರೆದಿಟ್ಟಿಲ್ಲ. ಪೇಟೆ ಯಾವುದಕ್ಕೆ ಬೆಲೆ ಕಡಿಮೆ ಮಾಡುತ್ತದೋ ಅದೇ ಈ ಕೋವಿಯಲ್ಲಿ ನನಗೆ ಜಾಸ್ತಿ ಮುಖ್ಯ. ಇದನ್ನು ಅಣ್ಣನಿಗೆ ಹೇಳಿದೆ. ಅವನು ತಗಡಿನ ಮೇಲೆ ಬೆರಳಾಡಿಸುತ್ತ ಸ್ವಲ್ಪ ಹೊತ್ತು ಕೂತ. ಆಮೇಲೆ "ಈ ಆಚಾರಿ ಯಾರು ಹೇಳಿ ಆಯಿಗೆ ಗೊತ್ತಿಕ್ಕು" ಅಂದ. ದೊಡ್ಡಮ್ಮನಿಗೆ ಗೊತ್ತಿತ್ತು. ಹೆಸರು, ಊರು, ಅವನ ಮಗನ ಹೆಸರು ಕೂಡ ಹೇಳಿದರು.

ಕೊಡುವ ಮೊದಲು

ಅಣ್ಣ ಕೊನೆಗೆ ಲೈಸೆನ್ಸನ್ನು ತನ್ನ ಹೆಸರಿಗೆ ಕೇಳಿ ಅರ್ಜಿ ಹಾಕಿದ. ವಾರಸುದಾರರಿಗೆ ಆ ಅವಕಾಶ ಇದೆ. ಅದು ಇತ್ಯರ್ಥ ಆಗುವವರೆಗೆ ಕೋವಿ ಠಾಣೆಯಲ್ಲಿ. ಎಲ್ಲರೂ ಹೀಗೇ ಮಾಡಬೇಕು ಅಂತ ಇಲ್ಲ. ಒಪ್ಪಿಸಿಬಿಡುವವರು ಒಪ್ಪಿಸಲಿ. ಆದರೆ ಅದಕ್ಕೆ ಮೊದಲು ಒಂದು ಮಧ್ಯಾಹ್ನ ಕೊಡಿ.

ಮರಳು ಕಾಗದ ಹಾಕಿ ಉಜ್ಜಬೇಡಿ. ಆಸಿಡ್ ಮುಟ್ಟಿಸಬೇಡಿ. ಮರಕ್ಕೆ ಹೊಸ ವಾರ್ನಿಶ್ ಬೇಡ. ಹೊಳಪು ಬರಿಸಲು ಹೋಗಿ ಮುದ್ರೆ ಅಳಿಸಿದ ಕೋವಿಗಳನ್ನು ನಾನು ನೋಡಿದ್ದೇನೆ. ಅವು ಇನ್ನು ಏನನ್ನೂ ಹೇಳಲಾರವು. ಈಡು ಇಲ್ಲ ಅಂತ ಗಜ ಇಳಿಸಿ ಖಚಿತ ಮಾಡಿಕೊಳ್ಳಿ. ಆಮೇಲೆ ಫೋಟೊ. ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದರೆ ಸವೆದ ಅಕ್ಷರವೂ ಮೂಡುತ್ತದೆ, ಫ್ಲ್ಯಾಶ್ ಹಾಕಿದರೆ ಮುಚ್ಚಿಹೋಗುತ್ತದೆ. ಕುದುರೆಯ ತಗಡು, ನಳಿಗೆಯ ಬುಡದ ಎಡಗಡೆ, ಬಟ್ಟಿನ ಮರದ ಬಲಗಡೆ, ಹಿಂಬದಿಯ ಹಿತ್ತಾಳೆ ಪಟ್ಟಿಯ ಮೇಲ್ಗಡೆ, ಇಷ್ಟು ಕಡೆ ಮುದ್ರೆ ಇರುವ ಸಾಧ್ಯತೆ ಹೆಚ್ಚು. ನಳಿಗೆಯ ಉದ್ದ, ಬಾಯಿಯ ಅಗಲ ಅಳೆಯಿರಿ. ಒಳಗೆ ಗೀರು ಇದೆಯೇ, ಇದ್ದರೆ ಎಷ್ಟು, ಬರೆಯಿರಿ. ಎಲ್ಲೆಲ್ಲಿ ಊರಿನ ಕೈ ಆಡಿದೆ ಅನ್ನುವುದನ್ನು ಬೇರೆಯಾಗಿ ಬರೆಯಿರಿ. ಮನೆಯ ಹಿರಿಯರನ್ನು, ಅದರಲ್ಲೂ ಹೆಂಗಸರನ್ನು ಕೇಳಿ. ಕೋವಿ ಯಾವ ಗೋಡೆಗೆ ನೇತು ಹಾಕಿತ್ತು, ಮದ್ದು ಎಲ್ಲಿಂದ ತರುತ್ತಿದ್ದರು, ರಿಪೇರಿಗೆ ಯಾರ ಹತ್ತಿರ ಒಯ್ಯುತ್ತಿದ್ದರು, ಅವರಿಗೆ ನೆನಪಿರುತ್ತದೆ. ಬರೆದ ಹಾಳೆಯ ಒಂದು ಪ್ರತಿಯನ್ನು ಜಮೀನಿನ ಕಾಗದಗಳ ಜೊತೆ ಇಡಿ, ಇನ್ನೊಂದನ್ನು ಕೋವಿ ಪಡೆದುಕೊಳ್ಳುವವರಿಗೆ ಕೊಡಿ. ನಮ್ಮ ದೊಡ್ಡಮ್ಮ ಅದನ್ನು ಪಹಣಿಯ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದಾರೆ.